ಚಿಕ್ಕ ಕ್ಯಾಂಪರ್‌ನಿಂದ ದೊಡ್ಡ ಟ್ರೇಲರ್‌ಗೆ: ಎರಡೆರಡು ತಂದು ಹೋಲಿಸಿ ನೋಡಿದ್ದು

ಹಳೆಯ ಕ್ಯಾಂಪರ್, ಅಂದರೆ ಪಿಕಪ್ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಗಾಡಿ, ನಿಲ್ಲಿಸಿದ ಜಾಗ ಸರಿ ಬರಲಿಲ್ಲ ಅಂದರೆ ನಾನೂ ಹೆಂಡತಿಯೂ ಆಚೆ ಈಚೆ ನಿಂತು ಕೈಯಲ್ಲೇ ತಳ್ಳಿ ತಿರುಗಿಸುತ್ತಿದ್ದೆವು. ಒಂದೇ ಆಕ್ಸಲ್, ಸಾಮಾನೆಲ್ಲ ತುಂಬಿದರೂ 900 ಕೆಜಿ. ಹೊಸ ಟ್ರೇಲರ್‌ಗೆ ಎರಡು ಆಕ್ಸಲ್, ತುಂಬಿದರೆ 2,700 ಕೆಜಿ. ಇದನ್ನು ತಳ್ಳುವ ಮಾತಿರಲಿ, ಒರಗಿ ನಿಂತರೂ ಅದಕ್ಕೆ ಗೊತ್ತಾಗುವುದಿಲ್ಲ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲು ಒಂದು ಇಡೀ ಸೀಸನ್ ಬೇಕಾಯಿತು. ಹಳೆಯದರಲ್ಲಿ ಯಾವ ಸಾಮಾನು ಕಳಪೆ ಇದ್ದರೂ ರಟ್ಟೆಯ ಬಲದಲ್ಲಿ ಸರಿದೂಗಿಸುತ್ತಿದ್ದೆ, ಹೊಸದರಲ್ಲಿ ಆ ಆಟ ನಡೆಯಲಿಲ್ಲ. ಹಾಗಾಗಿ ಒಂದೊಂದು ಕೆಲಸಕ್ಕೆ ಎರಡೆರಡು, ಕೆಲವಕ್ಕೆ ಮೂರು ಮೂರು ತಂದು ನೋಡಿದೆ. ಕೆಲವು ಸ್ನೇಹಿತರಿಂದ ಎರವಲು, ಕೆಲವು ನನ್ನದೇ ತಪ್ಪಿನ ಖರೀದಿ.

ಮೊದಲು ಹಿಚ್, ಅಂದರೆ ಪಿಕಪ್‌ಗೆ ಟ್ರೇಲರ್ ಕಟ್ಟುವ ಕೊಂಡಿ. ಇದರಲ್ಲಿ ಎಡವಿದರೆ ಮಿಕ್ಕ ಸಾಮಾನಿನ ಬಗ್ಗೆ ಮಾತಾಡಿ ಏನೂ ಪ್ರಯೋಜನ ಇಲ್ಲ. ಚಿಕ್ಕದರಲ್ಲಿ ಬರೀ ಉಂಡೆ ಹಿಚ್, ಮೂತಿಯ ಭಾರ (ಟ್ರೇಲರ್‌ನ ಮುಂತುದಿ ಆ ಕೊಂಡಿಯ ಮೇಲೆ ಹಾಕುವ ಭಾರ) 90 ಕೆಜಿ, ಪಿಕಪ್‌ಗೆ ಹಿಂದೆ ಏನೋ ಇದೆ ಅನ್ನುವುದೇ ಮರೆತುಹೋಗುತ್ತಿತ್ತು. ದೊಡ್ಡದನ್ನು ಒಮ್ಮೆ ಹಾಗೇ ಬರೀ ಉಂಡೆಗೆ ಕಟ್ಟಿ, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಸ್ವಲ್ಪ ದೂರ ಓಡಿಸಿದೆ. ಪಿಕಪ್‌ನ ಹಿಂಭಾಗ ಕುಸಿದು ಮೂಗು ಮೇಲಕ್ಕೆದ್ದಿತು. ಮುಂದಿನ ಚಕ್ರದ ಮೇಲಿನ ಅಂಚನ್ನು ನೆಲದಿಂದ ಅಳೆದರೆ ಮೊದಲು 96 ಸೆಂ.ಮೀ. ಇದ್ದದ್ದು 99.5 ಆಗಿತ್ತು. ಸ್ಟಿಯರಿಂಗ್ ಹತ್ತಿಯಷ್ಟು ಹಗುರ. ಮುಂದಿನ ಚಕ್ರಕ್ಕೆ ಭಾರ ಕಡಿಮೆಯಾದರೆ ತಿರುವಿಗೂ ಬ್ರೇಕಿಗೂ ಹಿಡಿತ ಕಡಿಮೆ ಅಂತಲೇ ಅರ್ಥ, ಅಲ್ವಾ? ಅಲ್ಲಿಂದಲೇ ವಾಪಸ್ ಬಂದೆ.

ಇದಕ್ಕೆ ಬೇಕಾದದ್ದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಎರಡು ಸ್ಪ್ರಿಂಗ್ ಸಲಾಕೆಗಳು ಬಿಗಿಯಾಗಿ ಕೂತು, ಮೂತಿಯ ಭಾರದಲ್ಲಿ ಒಂದು ಪಾಲನ್ನು ಪಿಕಪ್‌ನ ಮುಂದಿನ ಚಕ್ರಕ್ಕೂ ಟ್ರೇಲರ್‌ನ ಚಕ್ರಗಳಿಗೂ ಹಂಚುತ್ತವೆ. ನಾನು ಎರಡು ಬಗೆ ನೋಡಿದೆ. ಒಂದರಲ್ಲಿ ಸಲಾಕೆಗಳನ್ನು ಚೈನ್‌ನಿಂದ ಎತ್ತಿ ಕಟ್ಟಬೇಕು, ಟ್ರೇಲರ್ ಓಲಾಡದಂತೆ ತಡೆಯಲು ಪಕ್ಕದಲ್ಲಿ ಬೇರೆ ಒಂದು ಘರ್ಷಣೆಯ ಪಟ್ಟಿ. ಇನ್ನೊಂದರಲ್ಲಿ ಸಲಾಕೆಗಳೇ ಬ್ರಾಕೆಟ್ ಮೇಲೆ ಉಜ್ಜಿಕೊಂಡು ಕೂತು ಆ ಕೆಲಸವನ್ನೂ ತಾವೇ ಮಾಡುತ್ತವೆ.

ಚೈನ್‌ನದು ಹಾಕಿಕೊಂಡು ಹೊರಟ ಮೊದಲ ಪ್ರಯಾಣದಲ್ಲೇ, ಒಂದು ಲಾರಿ ನಮ್ಮನ್ನು ದಾಟಿದಾಗ ಟ್ರೇಲರ್‌ನ ಹಿಂಭಾಗ ಎಡಕ್ಕೂ ಬಲಕ್ಕೂ ಬೀಸಿತು. ಹೆಂಡತಿ ಬಾಗಿಲಿನ ಹಿಡಿ ಹಿಡಿದುಕೊಂಡವಳು ಹತ್ತು ನಿಮಿಷ ಬಿಡಲಿಲ್ಲ. ನಾನು ಹಿಚ್‌ಗೆ ಬೈದೆ. ಆದರೆ ತಪ್ಪು ಹಿಚ್‌ನದಲ್ಲ. ವೇಬ್ರಿಡ್ಜ್‌ಗೆ ಹೋಗಿ, ಕಟ್ಟಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿಸಿ ಲೆಕ್ಕ ಹಾಕಿದರೆ ಮೂತಿಯ ಭಾರ 235 ಕೆಜಿ ಮಾತ್ರ. ಇಂಥ ಟ್ರೇಲರ್‌ಗೆ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂತಿಯ ಮೇಲಿರಬೇಕು, ನಮ್ಮದು ಶೇ. 9 ಕೂಡ ಇರಲಿಲ್ಲ. ಕಾರಣ ನಾನೇ. ಹಿಂದುಗಡೆ ದೊಡ್ಡ ಕಪಾಟು ಇದೆ, ಹೊಸ ಮನೆಗೆ ಬಂದವರ ಹಾಗೆ ಟೂಲ್ ಬಾಕ್ಸ್, ಮಡಚುವ ಕುರ್ಚಿಗಳು, ಪೈಪ್, ಹಲಗೆ ಎಲ್ಲ ಅಲ್ಲಿಗೇ ತುರುಕಿದ್ದೆ. ಸುಮಾರು 70 ಕೆಜಿ ಸಾಮಾನನ್ನು ಅಲ್ಲಿಂದ ಮುಂದಿನ ಮಂಚದ ಕೆಳಗೆ ಸಾಗಿಸಿದ ಮೇಲೆ ಮೂತಿಯ ಭಾರ 330 ಆಯಿತು. ಅದೇ ರಸ್ತೆ, ಅದೇ ಹಿಚ್, ಲಾರಿಗಳು ದಾಟಿದವು, ಏನೂ ಆಗಲಿಲ್ಲ. ಹಾಗಾಗಿ ದುಬಾರಿ ಹಿಚ್ ತರುವ ಮೊದಲು ಒಮ್ಮೆ ತೂಗಿಸಿ. ತೂಕ ತಪ್ಪಿದ್ದರೆ ಯಾವ ಹಿಚ್ಚೂ ಅದನ್ನು ಸರಿ ಮಾಡುವುದಿಲ್ಲ.

ತೂಕ ಸರಿಯಾದ ಮೇಲೆ ಎರಡನ್ನೂ ಮತ್ತೆ ಹೋಲಿಸಿದೆ, ಅದೇ ನ್ಯಾಯ. ಭಾರ ಹಂಚುವುದರಲ್ಲಿ ವ್ಯತ್ಯಾಸ ಇಲ್ಲ, ಎರಡರಲ್ಲೂ ಪಿಕಪ್‌ನ ಮುಂದಿನ ಚಕ್ರದ ಆ ಅಂಚು 97 ಸೆಂ.ಮೀ.ಗೆ ಇಳಿಯಿತು. ವ್ಯತ್ಯಾಸ ಇರುವುದು ದಿನಬಳಕೆಯಲ್ಲಿ. ಘರ್ಷಣೆಯ ಪಟ್ಟಿಯನ್ನು ರಿವರ್ಸ್ ತೆಗೆಯುವ ಮೊದಲು ಕಳಚಬೇಕು. ನಾನು ಒಂದು ಸಂಜೆ ಮರೆತೆ, ಅದು ಬಾಗಿಹೋಯಿತು. ಮಳೆ ಬಂದರೆ ಅದನ್ನು ಸಡಿಲ ಮಾಡಬೇಕು, ಅಂದರೆ ಬೇಕಾದ ದಿನವೇ ಅದು ಕೆಲಸಕ್ಕಿಲ್ಲ. ಬ್ರಾಕೆಟ್‌ನದರಲ್ಲಿ ಈ ತಲೆನೋವಿಲ್ಲ, ಹಾಗೇ ರಿವರ್ಸ್ ತೆಗೆಯಬಹುದು. ಆದರೆ ತಿರುವಿನಲ್ಲಿ ಹಳೇ ಬಾಗಿಲಿನ ಹಾಗೆ ಕಿರ್ ಅನ್ನುತ್ತದೆ, ತಲೆಭಾಗ ಎತ್ತಿ ಕೂರಿಸುವಾಗ ಸೊಂಟ ಹಿಡಿಯುವಷ್ಟು ಭಾರ. ನಾನು ಬ್ರಾಕೆಟ್‌ನದನ್ನೇ ಇಟ್ಟುಕೊಂಡೆ. ಯಾವುದನ್ನು ತಂದರೂ, ಸಲಾಕೆ ಸಿಕ್ಕಿಸುವಾಗ ಬಲ ಹಾಕಿ ಒದ್ದಾಡಬೇಡಿ. ಮೂತಿ ಕೊಂಡಿಗೆ ಬಿದ್ದ ಮೇಲೆ ಟ್ರೇಲರ್‌ನ ಜಾಕ್‌ನಿಂದಲೇ ಪಿಕಪ್‌ನ ಹಿಂಭಾಗವನ್ನೂ ಸೇರಿಸಿ ಮೇಲೆತ್ತಿ, ಸಲಾಕೆ ಸುಲಭವಾಗಿ ಕೂರುತ್ತದೆ. ನಾನು ಮೊದಲ ತಿಂಗಳು ಇದು ಗೊತ್ತಿಲ್ಲದೆ ಸುಮ್ನೆ ಕಬ್ಬಿಣದ ರಾಡಿಗೆ ಜೋತುಬೀಳುತ್ತಿದ್ದೆ.

ಪಿಕಪ್‌ನಲ್ಲಿ ಬ್ರೇಕ್ ಒತ್ತಿದಾಗ ಟ್ರೇಲರ್‌ನ ಬ್ರೇಕನ್ನೂ ಹಿಡಿಸುವ ಬ್ರೇಕ್ ಕಂಟ್ರೋಲರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟೈಮರ್ ಮಾದರಿಯದು ನೀವು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ರೀತಿ ಏರುತ್ತಾ ಹೋಗುತ್ತದೆ. ಪ್ರೊಪೋರ್ಷನಲ್ ಮಾದರಿಯದು ಗಾಡಿ ಎಷ್ಟು ಬೇಗ ನಿಧಾನವಾಗುತ್ತಿದೆ ಎಂದು ನೋಡಿ ಅಷ್ಟೇ ಹಿಡಿಯುತ್ತದೆ. ಒಂದು ಇಳಿಜಾರಿನಲ್ಲಿ ಎರಡನ್ನೂ ನೋಡಿದವರು ಟೈಮರ್‌ಗೆ ಮರಳುವುದಿಲ್ಲ.

ಈಗ ಬ್ಯಾಟರಿ. ಇದರಲ್ಲಿ ನನಗೆ ಖುಷಿ ಕೊಟ್ಟ ಹೋಲಿಕೆ ಸಿಕ್ಕಿತು. ಟ್ರೇಲರ್ ಮೂತಿಯ ಮೇಲೆ ಮೊದಲು ಇದ್ದದ್ದು 6 ವೋಲ್ಟ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ. ಸೇರಿಸಿದರೆ 12 ವೋಲ್ಟ್, 220 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತದೆ ಅನ್ನುವ ಅಳತೆ). ಕೇಳಲು ಚೆನ್ನಾಗಿದೆ, ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ, ಹಾಗಾಗಿ ಬಳಸಲು ಸಿಗುವುದು 110. ನಮ್ಮ ಟ್ರೇಲರ್ ಒಂದು ದಿನಕ್ಕೆ ಸುಮಾರು 70 ತಿನ್ನುತ್ತದೆ. ಫ್ರಿಜ್ ಕಂಪ್ರೆಸರ್ ಮಾದರಿಯದು, ರಾತ್ರಿ ಹೀಟರ್‌ನ ಫ್ಯಾನ್ ಬೇರೆ. ಚಿಕ್ಕ ಕ್ಯಾಂಪರ್‌ನಲ್ಲಿ ಎರಡು ದೀಪ, ಒಂದು ಪಂಪ್, ಅಷ್ಟೇ ಇತ್ತು, ನಾಲ್ಕು ದಿನ ಆದರೂ ಬ್ಯಾಟರಿಯ ಕಡೆ ನೋಡುತ್ತಿರಲಿಲ್ಲ. ಇಲ್ಲಿ ಎರಡನೇ ಸಂಜೆಗೇ ಲೆಕ್ಕ ಶುರು.

ಬದಲಿಗೆ ತಂದದ್ದು 100 ಆಂಪಿಯರ್ ಅವರ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್. ಕಾಗದದ ಮೇಲೆ 200, ಅಂದರೆ ಹಳೆಯದಕ್ಕಿಂತ ಕಡಿಮೆ. ಬಳಕೆಯಲ್ಲಿ ಎರಡು ರಾತ್ರಿ ಮುಗಿಸಿ ಮೂರನೇ ದಿನವೂ ಅರ್ಧ ದಿನದ ಮೇಲೆ ನಡೆಯಿತು. ಚಾರ್ಜ್ ಆಗುವುದರಲ್ಲಿ ಇನ್ನೂ ದೊಡ್ಡ ಅಂತರ. ಲೆಡ್ ಆಸಿಡ್ ಮುಕ್ಕಾಲು ಭಾಗ ಬೇಗ ತುಂಬಿಕೊಂಡು, ಕೊನೆಯ ಭಾಗವನ್ನು ಗಂಟೆಗಟ್ಟಲೆ ಜಗಿಯುತ್ತದೆ. ಲಿಥಿಯಂ ಕೊನೆಯವರೆಗೂ ಗಬಗಬ ಅಂತ ಎಳೆದುಕೊಳ್ಳುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೂ ಇಲ್ಲ.

ಆದರೆ ಲಿಥಿಯಂ ತಂದು ಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ, ನಾನು ಹಾಗಂದುಕೊಂಡು ಮೂರು ಕಡೆ ಸಿಕ್ಕಿಬಿದ್ದೆ. ಒಂದು, ಹಳೆಯ ಚಾರ್ಜರ್ ಅದನ್ನು ಪೂರ್ತಿ ತುಂಬಿಸುತ್ತಿರಲಿಲ್ಲ, 14.4 ವೋಲ್ಟ್ ಆಸುಪಾಸು ಕೊಡುವ, ಲಿಥಿಯಂಗೆ ಹೊಂದುವ ಚಾರ್ಜರ್ ಬೇಕಾಯಿತು. ಎರಡು, ವೋಲ್ಟೇಜ್ ನೋಡಿ ಎಷ್ಟು ಚಾರ್ಜ್ ಇದೆ ಅಂತ ತೋರಿಸುವ, ಗೋಡೆಯ ಮೇಲಿನ ನಾಲ್ಕು ದೀಪದ ಮೀಟರ್ ಸುಳ್ಳು ಹೇಳಲು ಶುರು ಮಾಡಿತು, ಯಾಕಂದರೆ ಲಿಥಿಯಂನ ವೋಲ್ಟೇಜ್ ಬಹುಪಾಲು ಸಮಯ 13ರ ಮೇಲೇ ಚಪ್ಪಟೆಯಾಗಿ ಇದ್ದು ಕೊನೆಯಲ್ಲಿ ದಿಢೀರ್ ಬೀಳುತ್ತದೆ. ಮೀಟರ್‌ನ ಎಲ್ಲ ದೀಪವೂ ಉರಿಯುತ್ತಿದ್ದ ಒಂದು ಬೆಳಗಿನ ಜಾವ ಟ್ರೇಲರ್‌ನಲ್ಲಿ ಎಲ್ಲವೂ ಒಟ್ಟಿಗೇ ಆರಿತು. ಒಳಗೆ ಹೋದದ್ದು ಹೊರಗೆ ಬಂದದ್ದು ಎಣಿಸುವ ಶಂಟ್ ಮೀಟರ್ ಹಾಕಿದ ಮೇಲೆ ನೆಮ್ಮದಿ. ಮೂರು, 0 ಡಿಗ್ರಿಗಿಂತ ತಣ್ಣಗಿರುವಾಗ ಅದಕ್ಕೆ ಚಾರ್ಜ್ ಕೊಡಬಾರದು. ಲೆಡ್ ಆಸಿಡ್ ಗ್ಯಾಸ್ ಬಿಡುತ್ತದೆ, ಅದಕ್ಕೇ ಅದು ಹೊರಗೆ ಗಾಳಿಯಾಡುವ ಪೆಟ್ಟಿಗೆಯಲ್ಲಿತ್ತು. ಲಿಥಿಯಂಗೆ ಆ ಕಾಟ ಇಲ್ಲ, ಹಾಗಾಗಿ ಒಳಗೆ ಮಂಚದ ಕೆಳಗೆ ಬೆಚ್ಚಗೆ ಇಟ್ಟೆ.

ಇಟ್ಟ ಮೇಲೆ ನೆನಪಾಯಿತು, ಹಳೆಯ ಎರಡೂ ಸೇರಿ 58 ಕೆಜಿ, ಹೊಸವು 24. ಮೂತಿಯ ಮೇಲಿನ ಭಾರ ಮತ್ತೆ ಬದಲಾಯಿತು! ಮತ್ತೆ ವೇಬ್ರಿಡ್ಜ್. 290 ಬಂತು, ಶೇ. 10ಕ್ಕಿಂತ ಮೇಲೇ ಇದೆ, ಬಿಟ್ಟೆ. ಅಲ್ಲಿಯವನು ಈಗ ನನ್ನನ್ನು ನೋಡಿದರೆ ನಗುತ್ತಾನೆ.

ಸೋಲಾರ್ ವಿಷಯದಲ್ಲಿ ನನ್ನ ಊಹೆ ತಲೆಕೆಳಗಾಯಿತು. ಚಿಕ್ಕದರ ಜೊತೆ ಬಂದ 200 ವ್ಯಾಟ್‌ನ ಮಡಚುವ ಪ್ಯಾನೆಲ್ ಇತ್ತು, ಹೊಸದರ ಛಾವಣಿ ಮೇಲೆ 200 ವ್ಯಾಟ್‌ನದೇ ಎರಡು. ಒಂದಕ್ಕೊಂದು ಹೋಲಿಸಿದರೆ ಬೆಳಿಗ್ಗೆಯೂ ಸಂಜೆಯೂ ಮಡಚುವುದೇ ಮುಂದೆ, ಸೂರ್ಯನ ಕಡೆ ಮುಖ ಮಾಡಿ ಇಡಬಹುದು, ಟ್ರೇಲರ್ ನೆರಳಿನಲ್ಲಿದ್ದರೂ ಇದನ್ನು ಬಿಸಿಲಿಗೆ ಎಳೆಯಬಹುದು. ಇಷ್ಟಾದರೂ ಸೀಸನ್ ಮುಗಿಯುವ ಹೊತ್ತಿಗೆ ಅದನ್ನು ಹೊರಗೆ ತೆಗೆಯುವುದೇ ನಿಂತಿತ್ತು. ತಿರುಗಿಸಲು ಮರೆಯುತ್ತೇವೆ, ಗಾಳಿಗೆ ಮಗುಚುತ್ತದೆ, ಸುತ್ತಾಡಲು ಹೋಗುವಾಗ ಒಳಗೆ ಎತ್ತಿಡಬೇಕು. ಛಾವಣಿಯವು ಗಾಡಿ ಓಡುವಾಗಲೂ ತಮ್ಮ ಪಾಡಿಗೆ ದುಡಿಯುತ್ತವೆ. ಮರದ ನೆರಳೇ ಬೇಕು ಅನ್ನುವವರಿಗೆ ಮಾತ್ರ ಮಡಚುವುದು ಸರಿ.

ನಿಲ್ಲಿಸಿದ ಟ್ರೇಲರನ್ನು ಮಟ್ಟ ಮಾಡುವುದು ಇನ್ನೊಂದು ಕಥೆ. ಹಳೆಯದಕ್ಕೆ ಎರಡು ಮರದ ಹಲಗೆ, ಒಂದು ರಸಮಟ್ಟ, ಸಾಕಾಗಿತ್ತು. ಇಲ್ಲಿ ತಗ್ಗಿರುವ ಬದಿಯ ಎರಡೂ ಚಕ್ರ ಏರಬೇಕು. ಒಂದರ ಮೇಲೊಂದು ಜೋಡಿಸುವ ಪ್ಲಾಸ್ಟಿಕ್ ಬಿಲ್ಲೆಗಳು ಹಗುರ, ತೊಳೆಯಲು ಸುಲಭ, ಆದರೆ ಜಲ್ಲಿ ನೆಲದಲ್ಲಿ ಎರಡು ಒಡೆದವು. ಅಡಿಯಲ್ಲಿ ಗಟ್ಟಿ ನೆಲ ಇದ್ದರೆ ತೊಂದರೆ ಇಲ್ಲ. ಬಾಗಿದ ದಿಮ್ಮಿಯಂಥದ್ದು ಬರುತ್ತದೆ, ಅದರ ಮೇಲೆ ಹತ್ತುತ್ತಾ ಬಂದು ಮಟ್ಟ ಸಿಕ್ಕಲ್ಲಿ ನಿಲ್ಲಿಸಿ ಹಿಂದೆ ಅಡ್ಡ ಕೊಡುವುದು. ಎಷ್ಟು ಬಿಲ್ಲೆ ಬೇಕು ಅಂತ ಊಹಿಸಿ ಮೂರು ಸಲ ಹತ್ತಿಳಿಯುವ ಕೆಲಸ ಇಲ್ಲ. ನನಗೆ ಇದೇ ಇಷ್ಟ. ಎರಡು ಚಕ್ರಗಳ ನಡುವೆ ಅದರ ತುದಿ ಹಿಡಿಸದೆ ಗರಗಸದಲ್ಲಿ ಕತ್ತರಿಸಬೇಕಾಯಿತು, ಅಷ್ಟೇ. ಫೋನಿನಲ್ಲಿ ತೋರಿಸುವ ಬ್ಲೂಟೂತ್ ಮಟ್ಟವನ್ನು ನಾನು ಆಟಿಕೆ ಅಂತ ನಕ್ಕಿದ್ದೆ. ಈಗ ಎಡಗಡೆ 5 ಸೆಂ.ಮೀ. ಅಂತ ಸೀಟಿನಲ್ಲೇ ಕೂತು ಓದುತ್ತೇನೆ, ಹೆಂಡತಿ ಮಳೆಯಲ್ಲಿ ನಿಂತು ಕೈ ಬೀಸುವುದು ತಪ್ಪಿದೆ. ಅವಳ ಲೆಕ್ಕದಲ್ಲಿ ಈ ವರ್ಷದ ಅತ್ಯುತ್ತಮ ಖರೀದಿ ಇದೇ.

ಚಕ್ರಕ್ಕೆ ಅಡ್ಡ ಕೊಡುವುದರಲ್ಲಿ ಹಳೆಯ ರಬ್ಬರ್ ತುಂಡುಗಳು ಈಗಲೂ ಬೇಕು. ಅದರ ಜೊತೆಗೆ, ಎರಡು ಟೈರುಗಳ ನಡುವೆ ಇಟ್ಟು ಸ್ಪ್ಯಾನರ್‌ನಲ್ಲಿ ಅಗಲಿಸಿ ಬಿಗಿ ಮಾಡುವ ಕತ್ತರಿಯಾಕಾರದ ಅಡ್ಡಿ ಹಾಕಿ ನೋಡಿದೆ. ರಾತ್ರಿ ಯಾರಾದರೂ ಎದ್ದು ನಡೆದಾಗ ಆಗುತ್ತಿದ್ದ ಮುಂದೆ ಹಿಂದೆ ಕುಲುಕಾಟ ಅರ್ಧಕ್ಕೆ ಇಳಿಯಿತು. ಬಿಸಿಲಿಗೆ ಉಬ್ಬಿದ ಟೈರು ರಾತ್ರಿ ತಣ್ಣಗಾದಾಗ ಅದು ಸಡಿಲವಾಗುತ್ತದೆ, ಸಂಜೆ ಒಂದು ಸುತ್ತು ಬಿಗಿ ಮಾಡಿ. ನೆಲದ ಅಡ್ಡಿಗೆ ಇದು ಬದಲಿ ಅಲ್ಲ.

ನೀರಿನ ಸಾಮಾನು ಬೇಗ ಮುಗಿಸುತ್ತೇನೆ. ಒತ್ತಡ ಇಳಿಸುವ ರೆಗ್ಯುಲೇಟರ್‌ನಲ್ಲಿ ಚಿಕ್ಕ ಹಿತ್ತಾಳೆ ಕೊಳವೆಯಂಥದ್ದು ಒತ್ತಡದ ಜೊತೆ ನೀರನ್ನೂ ಇಳಿಸಿಬಿಡುತ್ತದೆ, ಶವರ್ ಕಣ್ಣೀರಿನ ಹಾಗೆ. ಮೀಟರ್ ಇರುವ, ತಿರುಪು ತಿರುಗಿಸಿ 45-50 ಪಿಎಸ್‌ಐಗೆ ಇಡಬಹುದಾದದ್ದು ಎಷ್ಟೋ ಮೇಲು. ಪೈಪ್‌ನಲ್ಲಿ, ಬಟ್ಟೆ ಸುತ್ತಿದ ಹಿಗ್ಗುವ ಮಾದರಿ ಹಗುರ, ಆದರೆ ನನ್ನದು ಆರು ತಿಂಗಳಿಗೆ ಸೋರಿತು. ಕುಡಿಯುವ ನೀರಿಗೆಂದೇ ಮಾಡಿದ ದಪ್ಪ ಪೈಪ್ ಸುತ್ತುವುದು ಕಷ್ಟ, ಬಾಳಿಕೆ ಜಾಸ್ತಿ. ಕೊಳಕು ನೀರಿನ ಪೈಪ್‌ಗೆ ಪಾರದರ್ಶಕ ಮೊಣಕೈ ಇರುವುದನ್ನೇ ತನ್ನಿ, ನೋಡಲು ಅಸಹ್ಯ, ಆದರೆ ಖಾಲಿಯಾಯಿತೋ ಇಲ್ಲವೋ ಬೇರೆ ಹೇಗೆ ತಿಳಿಯುವುದು? ಟಾಯ್ಲೆಟ್ ಟ್ಯಾಂಕ್ ಮೊದಲು, ಬಚ್ಚಲ ನೀರಿನದು ಆಮೇಲೆ, ಆಗ ಪೈಪ್ ತಾನಾಗಿ ತೊಳೆದುಕೊಳ್ಳುತ್ತದೆ. ಟಾಯ್ಲೆಟ್ ವಾಲ್ವ್ ತೆರೆದೇ ಬಿಡಬೇಡಿ, ನೀರು ಹರಿದುಹೋಗಿ ಮಿಕ್ಕದ್ದು ಅಲ್ಲೇ ಗಟ್ಟಿಯಾಗುತ್ತದೆ.

ಕೊನೆಗೆ ಮೂಲೆಯ ನಾಲ್ಕು ಸ್ಟೆಬಿಲೈಜರ್ ಜಾಕ್‌ಗಳು. ಟ್ರೇಲರ್ ಎತ್ತಲು ಅಲ್ಲ ಅವು, ಅಲುಗಾಡದಂತೆ ಹಿಡಿಯಲು ಮಾತ್ರ. ಜೊತೆಗೆ ಬಂದ ಹ್ಯಾಂಡಲ್‌ನಿಂದ ತಿರುಗಿಸಿದರೆ ನಾಲ್ಕಕ್ಕೂ ಸೇರಿ ಹನ್ನೆರಡು ನಿಮಿಷ, ಮಂಡಿ ಮಣ್ಣು. ಡ್ರಿಲ್‌ಗೆ ಸಾಕೆಟ್ ಹಾಕಿ ತಿರುಗಿಸಿದರೆ ಮೂರು ನಿಮಿಷ. ನೆಲ ಮುಟ್ಟುವ ಹೊತ್ತಿಗೆ ವೇಗ ಇಳಿಸಿ, ಇಲ್ಲದಿದ್ದರೆ ಡ್ರಿಲ್ ಮಣಿಕಟ್ಟನ್ನೇ ತಿರುಗಿಸುತ್ತದೆ. ಹ್ಯಾಂಡಲ್ ಬೇಡ ಅಂತ ಶೆಡ್‌ನಲ್ಲಿ ಬಿಟ್ಟು ಬಂದಿದ್ದೆ. ಹೋದ ವಾರ ಮೂರನೇ ಜಾಕ್ ಅರ್ಧ ಇಳಿದಾಗ ಡ್ರಿಲ್‌ನ ಚಾರ್ಜ್ ಮುಗಿಯಿತು, ಆ ರಾತ್ರಿ ಎರಡು ಮೂಲೆ ಗಾಳಿಯಲ್ಲೇ ಇದ್ದವು. ಈಗ ಹ್ಯಾಂಡಲ್ ಬಾಗಿಲ ಪಕ್ಕದಲ್ಲೇ ಕೂತಿದೆ.