ವ್ಯಾನಿಗೆ ಆಂಪ್ಲಿಫೈಯರ್ ಕಟ್ಟುವವರೇ, ಮೊದಲು ಫ್ಯೂಸ್ ಎಲ್ಲಿದೆ ನೋಡಿ

ಮೈಸೂರಿನಲ್ಲಿ ಒಂದು ಹಳೇ ಟಿಟಿಯನ್ನು (ಟೆಂಪೊ ಟ್ರಾವೆಲರ್) ಮಲಗುವ ವ್ಯಾನ್ ಮಾಡಿ, ಮನೆಯಲ್ಲೇ ಕಟ್ಟಿದ ಐದು ಚಾನೆಲ್ ಆಂಪ್ಲಿಫೈಯರ್ ಕೂರಿಸಿದ್ದರು. ನಾಲ್ಕು ಸ್ಪೀಕರ್, ಮಂಚದ ಕೆಳಗೊಂದು ಸಬ್‌ವೂಫರ್. ಪಾಂಡವಪುರ ದಾಟಿ ಮೇಲುಕೋಟೆ ಏರು ಹತ್ತುವಾಗ ಹಾಸಿಗೆ ಕೆಳಗಿಂದ ಹೊಗೆ. ಗಾಡಿ ನಿಲ್ಲಿಸಿ ತಕ್ಷಣ ಬ್ಯಾಟರಿಯ ನೆಗೆಟಿವ್ ಕಿತ್ತಿದ್ದಕ್ಕೆ ಫೋಮ್ ಹಾಸಿಗೆ, ಒಂದಿಷ್ಟು ಪ್ಲೈವುಡ್ ಸುಟ್ಟು ಅಷ್ಟಕ್ಕೇ ಮುಗೀತು. ಬಿಚ್ಚಿ ನೋಡಿದರೆ ಆಂಪ್ಲಿಫೈಯರ್‌ಗೆ ಏನೂ ಆಗಿಲ್ಲ. ಅದರ 20 ಆಂಪ್ ಫ್ಯೂಸ್ ಕೂಡ ಹಾಗೇ ಇದೆ!

ಫ್ಯೂಸ್ ಇದ್ದದ್ದು ಆಂಪ್ಲಿಫೈಯರ್ ಡಬ್ಬದೊಳಗೆ. ಬ್ಯಾಟರಿಯಿಂದ ಅಲ್ಲಿವರೆಗಿನ ಆರು ಮೀಟರ್ ವೈರು, ತಗಡಿನ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಹರಿದು ಗಾಡಿಯ ತಗಡಿನ ಮೈಗೆ ತಾಗಿದೆ. ಆ ಮೈಗೆ ಬ್ಯಾಟರಿಯ ನೆಗೆಟಿವ್ ಸೇರಿರುತ್ತೆ, ಅಂದರೆ ನೇರ ಶಾರ್ಟ್. ಆಗ ಹರಿಯುವುದು ನೂರಾರು ಆಂಪ್. ಆ ಕರೆಂಟು ಫ್ಯೂಸಿನವರೆಗೆ ಹೋಗುವುದೇ ಇಲ್ಲ, ನಡುದಾರಿಯಲ್ಲೇ ಗಾಡಿಯ ಮೈಗೆ ಇಳಿಯುತ್ತೆ. ಬ್ಯಾಟರಿ ವೈರಿನ ಫ್ಯೂಸ್ ಇರುವುದು ಮುಖ್ಯವಾಗಿ ವೈರು ಕಾಯೋಕೆ. ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿಗಿಂತ ದೂರ ಇರಲೇಬಾರದು. ಡಬ್ಬದೊಳಗೆ ಇನ್ನೊಂದಿದ್ದರೆ ಇರಲಿ, ಅದು ಬೋರ್ಡಿಗೆ. ತಗಡು ತೂರುವ ಪ್ರತಿ ಜಾಗದಲ್ಲೂ ರಬ್ಬರ್ ಗ್ರೋಮೆಟ್ (ತೂತಿನ ಅಂಚು ಮುಚ್ಚುವ ಬಳೆ) ಹಾಕಿ, ವೈರನ್ನು ಸುರುಳಿ ಪೈಪಿನೊಳಗೆ ಎಳೆದು, ಅಲ್ಲಲ್ಲಿ ಕ್ಲಿಪ್ ಹೊಡೆಯಿರಿ.

ಫ್ಯೂಸಿನ ಬದಲು ಮನೆಯ ಎಸಿ ಎಂಸಿಬಿಯನ್ನೇ (ಸರ್ಕ್ಯೂಟ್ ಬ್ರೇಕರ್) ಇಲ್ಲಿ ಹಾಕುವವರಿದ್ದಾರೆ. ಬೇಡ. ಡಿಸಿಗೆ ರೇಟಿಂಗ್ ಇಲ್ಲದ ಎಂಸಿಬಿ ಕಿಡಿಯನ್ನು ಸರಿಯಾಗಿ ಆರಿಸುತ್ತೆ ಅನ್ನೋ ಭರವಸೆ ಇಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದ್ದರೆ ಶಾರ್ಟ್ ಆದಾಗ ಸಾವಿರಗಟ್ಟಲೆ ಆಂಪ್ ಬರಬಹುದು. ಅದರ ಮೇನ್‌ಗೆ ಅಷ್ಟು ದೊಡ್ಡ ಕರೆಂಟನ್ನೂ ಕಡಿಯಬಲ್ಲ ಕ್ಲಾಸ್-ಟಿ ಫ್ಯೂಸ್ ಹಾಕಿ. ದುಬಾರಿ, ಆದರೂ ಚೌಕಾಸಿ ಮಾಡೋ ಜಾಗ ಇದಲ್ಲ.

ಆ ಟಿಟಿಯ ವೈರು ಕೂಡ ಮನೆ ವೈರಿಂಗಿನ ಎರಡೂವರೆ ಸ್ಕ್ವೇರ್ ಎಂಎಂ. ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಮೀಟರಿಗೆ 0.0175 ಓಮ್ ಅಂತ ಲೆಕ್ಕ ಹಿಡಿಯಿರಿ. ಹೋಗಿ ಬರೋದು 12 ಮೀಟರ್, ಅಂದರೆ 0.084 ಓಮ್. ಬೇಸ್ ಹೊಡೆದಾಗ 15 ಆಂಪ್ ಎಳೆದರೆ 1.26 ವೋಲ್ಟ್ ದಾರಿಯಲ್ಲೇ ಖರ್ಚು. ಬ್ಲೂಟೂತ್ ಬೋರ್ಡು ಆಗಾಗ ರೀಸೆಟ್ ಆಗೋದಕ್ಕೆ ಇದೇ ಕಾರಣ ಇರಬಹುದು, ಸುಮ್ಮನೆ ಬೋರ್ಡು ಬದಲಾಯಿಸಬೇಡಿ. 10 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ 0.32 ವೋಲ್ಟ್‌ಗೆ ಇಳಿಯುತ್ತೆ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅಂಗಡಿಗೇ ವಾಪಸ್ ಕೊಡಿ.

‘1000 ವಾಟ್’ ಅಂತ ಅಚ್ಚಾದ ಬೋರ್ಡುಗಳನ್ನು ನಂಬಬೇಡಿ. ವೋಲ್ಟೇಜ್ ಏರಿಸುವ ಭಾಗ ಇಲ್ಲದ ಬ್ರಿಡ್ಜ್ ಆಂಪ್ಲಿಫೈಯರ್ (ಸ್ಪೀಕರಿನ ಎರಡೂ ತಂತಿಯನ್ನು ಓಡಿಸುವ ಬಗೆ) 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ಕೊಡಬಲ್ಲದ್ದು ಸುಮಾರು 26 ವಾಟ್. ಎಂಜಿನ್ ಆಫ್ ಮಾಡಿ 12 ವೋಲ್ಟಿಗೆ ಇಳಿದರೆ 18. ನಾಲ್ಕು ಚಾನೆಲ್‌ನ ಟಿಡಿಎ7388 ಆಂಪ್ಲಿಫೈಯರ್ ಐಸಿಗೆ 45 ವಾಟ್ ಅಂತ ಹೇಳೋದು ಗರಿಷ್ಠದ ಲೆಕ್ಕ. ವ್ಯಾನಿನ ಒಳಗೆ 20 ವಾಟೇ ಧಾರಾಳ ಬಿಡಿ.

ಈ ಐಸಿ ಕೆಟ್ಟರೆ ಕಾರಣ ಬಹುಮಟ್ಟಿಗೆ ಬಿಸಿ. ನಾಲ್ಕೂ ಚಾನೆಲ್ ಜೋರಾಗಿ ಹಾಡುವಾಗ 40 ವಾಟಿನಷ್ಟು ಶಾಖ ಅದರಿಂದಲೇ ಹೊರಗೆ ಹೋಗಬೇಕು. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ವ್ಯಾನ್ ಮೊದಲೇ ಕಾದ ಹಂಚು. ಹೀಟ್ ಸಿಂಕ್ ವಾಟಿಗೆ ಒಂದು ಡಿಗ್ರಿಗಿಂತ ಹೆಚ್ಚು ಏರಬಾರದು, ಇಲ್ಲವೇ ಫ್ಯಾನ್ ಬೇಕು. ಪ್ಲೈವುಡ್ ಪೆಟ್ಟಿಗೆಯೊಳಗೆ ಮುಚ್ಚಿಡೋದಂತೂ ಬೇಡವೇ ಬೇಡ. ಕೆಪಾಸಿಟರ್ 25 ವೋಲ್ಟಿನದೇ, 105 ಡಿಗ್ರಿಯದೇ ಇರಲಿ. 16 ವೋಲ್ಟಿನದು ಚಾರ್ಜಿಂಗ್ ವೋಲ್ಟೇಜಿಗೆ ತೀರಾ ಹತ್ತಿರ. ಅಗ್ಗದ ಐಸಿಗಳಲ್ಲಿ ನಕಲಿ ತುಂಬ. ಸ್ಪೀಕರ್ ಇಲ್ಲದೆ ಆನ್ ಮಾಡಿ ಕರೆಂಟ್ ಅಳೆಯಿರಿ: 190 ಮಿಲಿಆಂಪ್ ಆಸುಪಾಸು ಸರಿ, 350 ದಾಟಿದರೆ ತೆಗೆದಿಡಿ.

ಸಬ್‌ವೂಫರಿಗೆ ಟಿಪಿಎ3116 ಆಂಪ್ಲಿಫೈಯರ್ ಐಸಿ ಬಳಸುವುದಾದರೆ ಅದು 30 ವೋಲ್ಟ್ ದಾಟಿದರೆ ಉಳಿಯುವುದಿಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಲಗ್ (ವೈರಿನ ತುದಿಯ ಹಿಡಿಕೆ) ಸಡಿಲವಾದರೆ ಆಲ್ಟರ್ನೇಟರ್ ಅದಕ್ಕಿಂತ ಎಷ್ಟೋ ಮೇಲೆ ಜಿಗಿಯಬಲ್ಲದು. ಬೋರ್ಡಿನ ಫ್ಯೂಸಿನ ನಂತರ 5ಕೆಪಿ16ಎ ಟಿವಿಎಸ್ ಡಯೋಡ್ (ಇಂಥ ಜಿಗಿತವನ್ನು ಹೀರುವ ಭಾಗ) ಹಾಕಿ. ಸುಮಾರು 26 ವೋಲ್ಟಿಗೆ ತಡೆಯುತ್ತೆ.

ವೈರು ಉಳಿಸೋಕೆ ಅಂತ ಆ ಟಿಟಿಯಲ್ಲಿ ನಾಲ್ಕೂ ಸ್ಪೀಕರಿನ ಮೈನಸ್ ತಂತಿಯನ್ನು ಗಾಡಿಯ ಮೈಗೇ ಜೋಡಿಸಿದ್ದರು, ಹಳೇ ಟೇಪ್‌ರೆಕಾರ್ಡರ್ ಕಾಲದ ಪದ್ಧತಿ. ಬ್ರಿಡ್ಜ್ ಐಸಿಯಲ್ಲಿ ಮೈನಸ್ ತಂತಿಯಲ್ಲೂ ಅರ್ಧ ಸಪ್ಲೈ ವೋಲ್ಟೇಜ್ ಇರುತ್ತೆ. ಅದನ್ನು ಗಾಡಿಯ ಮೈಗೆ ಜೋಡಿಸಿದರೆ ಐಸಿ ತನ್ನ ರಕ್ಷಣೆಗೆ ಬಾಯಿ ಮುಚ್ಚಿಕೊಳ್ಳುತ್ತೆ, ಅಷ್ಟು ಒಳ್ಳೆಯದಲ್ಲದಿದ್ದರೆ ಸಾಯುತ್ತೆ. ಪ್ರತಿ ಸ್ಪೀಕರಿಗೂ ಎರಡೆರಡು ತಂತಿ ಎಳೆಯಲೇಬೇಕು.

ಇನ್ನು ಎಂಜಿನ್ ವೇಗದ ಜೊತೆ ಏರೋ ‘ಕುಂಯ್’ ಸದ್ದು. ಆರ್‌ಸಿಎ ಇನ್‌ಪುಟ್ ಕಿತ್ತು, ಒಳಗಿನ ಪಿನ್ನು ಮತ್ತು ಹೊರಗಿನ ಶೀಲ್ಡ್ ಸೇರಿಸಿ ಶಾರ್ಟ್ ಮಾಡಿದ ಪ್ಲಗ್ ಹಾಕಿ ನೋಡಿ. ಸದ್ದು ನಿಂತರೆ ಅದು ಅರ್ತ್ ಲೂಪ್ (ನೆಗೆಟಿವ್ ಎರಡು ದಾರಿಯಲ್ಲಿ ಸೇರಿ ಆದ ಸುತ್ತು), ಇದ್ದೇ ಇದ್ದರೆ ಸಪ್ಲೈಯಿಂದ ಬರುತ್ತಿದೆ. ಲೂಪ್ ಆಗಿದ್ದರೆ ಬ್ಲೂಟೂತ್ ಬೋರ್ಡಿಗೆ ಐಸೊಲೇಟೆಡ್ ಕನ್ವರ್ಟರಿನಿಂದ (ಇನ್‌ಪುಟ್, ಔಟ್‌ಪುಟ್ ನಡುವೆ ನೇರ ತಂತಿ ಇಲ್ಲದ್ದು) ಬೇರೆ ಸಪ್ಲೈ ಕೊಡಿ. ಎಲ್ಲೆಡೆ ಸಿಗುವ ಬಿ1205ಎಸ್ ತರಬೇಡಿ, ಅದು 10.8ರಿಂದ 13.2 ವೋಲ್ಟಿಗೆ ಮಾತ್ರ. ಓಡುವ ಗಾಡಿಯಲ್ಲಿ 14.4 ಇರುತ್ತೆ. 9ರಿಂದ 18 ವೋಲ್ಟ್ ತಾಳುವುದನ್ನೇ ಕೇಳಿ. ಆಂಪ್ಲಿಫೈಯರ್, ಕನ್ವರ್ಟರಿನ ಇನ್‌ಪುಟ್, ಫೋನ್ ಚಾರ್ಜರ್ ಎಲ್ಲದರ ನೆಗೆಟಿವ್ ಒಂದೇ ಬಿಂದುವಿಗೆ ಬರಲಿ, ಬ್ಯಾಟರಿ ಹತ್ತಿರ.

ಮಿನಿಬಸ್ ತೆಗೆದುಕೊಂಡವರಿಗೆ ಒಂದು ಮಾತು. ಅಲ್ಲಿ 24 ವೋಲ್ಟ್ ಇರಬಹುದು, ಎರಡು ಬ್ಯಾಟರಿ ಸರಣಿಯಲ್ಲಿ. ಗ್ಯಾರೇಜಿನವರು ‘ನಡುವಿಂದ 12 ತೆಗೆದುಬಿಡೋಣ ಸಾರ್’ ಅಂತಾರೆ. ಒಪ್ಪಬೇಡಿ. ಲೋಡ್ ಹೊತ್ತ ಬ್ಯಾಟರಿ ಎಂದೂ ತುಂಬಲ್ಲ, ಇನ್ನೊಂದು ಓವರ್‌ಚಾರ್ಜ್ ಆಗಿ ಕುದಿಯುತ್ತೆ, ಎರಡನ್ನೂ ಒಟ್ಟಿಗೇ ಬದಲಾಯಿಸಬೇಕಾಗುತ್ತೆ. 24ರಿಂದ 12ಕ್ಕೆ ಇಳಿಸುವ 30 ಆಂಪ್ ಕನ್ವರ್ಟರ್ ಹಾಕಿಸಿ, ಅದರ 24 ವೋಲ್ಟ್ ಕಡೆಗೂ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ.