ಜಿನೀವಾ ಚಕ್ರ ಒಂದೇ, ಸಾಫ್ಟ್‌ವೇರ್ ನಾಲ್ಕು: ಪಿನ್ ಹೊರಗೆ ಬಂದ್ಮೇಲೆ ಏನಾಗುತ್ತೆ?

ಯಾವ ಕ್ಯಾಡ್ (ಕಂಪ್ಯೂಟರಲ್ಲಿ ಡಿಸೈನ್ ಮಾಡೋ ಸಾಫ್ಟ್‌ವೇರ್) ಒಳ್ಳೇದು ಅಂತ ಕೇಳಿದ್ರೆ ಎಲ್ಲರೂ ಒಂದು ಬ್ರಾಕೆಟ್ಟೋ ಫ್ಲಾಂಜೋ ಮಾಡಿ ತೋರಿಸ್ತಾರೆ, ಅದು ಯಾವುದರಲ್ಲಿ ಮಾಡಿದ್ರೂ ಬರುತ್ತೆ ಬಿಡಿ. ನಂಗೆ ಬೇಕಿದ್ದಿದ್ದು ಓಡೋ ಮೆಕ್ಯಾನಿಸಂ. ಸಣ್ಣ ಇಂಡೆಕ್ಸಿಂಗ್ ಟೇಬಲ್ (ಹಂತ ಹಂತವಾಗಿ ತಿರುಗಿ ನಿಲ್ಲೋ ಮೇಜು) ಒಂದಕ್ಕೆ ನಾಲ್ಕು ಸ್ಲಾಟಿನ ಜಿನೀವಾ ಡಿಸೈನ್ ಮಾಡ್ಬೇಕಿತ್ತು, ಹೆಂಗೂ ಮಾಡ್ತಿದೀನಲ್ಲ ಅಂತ ಫ್ರೀಕ್ಯಾಡ್, ಆನ್‌ಶೇಪ್, ಫ್ಯೂಷನ್, ಸಾಲಿಡ್‌ವರ್ಕ್ಸ್ ನಾಲ್ಕರಲ್ಲೂ ಅದನ್ನೇ ಮಾಡಿ ನೋಡಿದೆ.

ಜಿನೀವಾ ಅಂದ್ರೆ ಹಳೇ ಟಾಕೀಸ್ ಪ್ರೊಜೆಕ್ಟರಲ್ಲಿ ಫಿಲ್ಮನ್ನ ಒಂದೊಂದೇ ಫ್ರೇಮ್ ಎಳೆದು ನಿಲ್ಲಿಸ್ತಿತ್ತಲ್ಲ, ಅದೇ. ತಿರುಗೋ ಕ್ರ್ಯಾಂಕಿನ ತುದೀಲಿರೋ ಪಿನ್ ಚಕ್ರದ ಒಂದು ಸ್ಲಾಟಿಗೆ (ಸೀಳಿಗೆ) ಹೋಗಿ, ಚಕ್ರ ತಳ್ಳಿ ಹೊರಗೆ ಬರುತ್ತೆ. ಕ್ರ್ಯಾಂಕ್ ಒಂದು ಪೂರ್ತಿ ಸುತ್ತು ಹಾಕಿದ್ರೆ ಚಕ್ರ 90 ಡಿಗ್ರಿ ಮಾತ್ರ ತಿರುಗುತ್ತೆ, ಅದೂ ಕ್ರ್ಯಾಂಕಿನ 90 ಡಿಗ್ರಿ ಒಳಗೆ, ಮಿಕ್ಕ 270 ಡಿಗ್ರಿ ಸುಮ್ನೆ ನಿಂತಿರುತ್ತೆ. ನಾನು ಸೆಂಟರ್ ಡಿಸ್ಟೆನ್ಸ್ 100 ಎಂಎಂ ಇಟ್ಕೊಂಡೆ, ಸೈನ್ 45ರ ಲೆಕ್ಕದಲ್ಲಿ ಕ್ರ್ಯಾಂಕ್ ರೇಡಿಯಸ್ 70.71 ಬರುತ್ತೆ, ಪಿನ್ 10 ಎಂಎಂ, ಸ್ಲಾಟ್ 10.2.

ಬರೀ ಪಾರ್ಟ್ ಮಾಡೋ ಮಟ್ಟಿಗೆ ನಾಲ್ಕೂ ಒಂದೇ ದಾರಿ: ಸ್ಕೆಚ್, ಪ್ಯಾಡ್ ಇಲ್ಲಾ ಎಕ್ಸ್‌ಟ್ರೂಡ್ (ಸ್ಕೆಚ್ಚಿಗೆ ದಪ್ಪ ಕೊಡೋದು), ಒಂದು ಸ್ಲಾಟ್ ಕಟ್ ಮಾಡಿ ಸರ್ಕ್ಯುಲರ್ ಪ್ಯಾಟರ್ನ್. ಇಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಫ್ರೀಕ್ಯಾಡಿನ ಸ್ಪ್ರೆಡ್‌ಶೀಟ್. ಸೆಂಟರ್ ಡಿಸ್ಟೆನ್ಸ್, ಸ್ಲಾಟ್ ಸಂಖ್ಯೆ, ಪಿನ್ ಸೈಜ್ ಎಲ್ಲಾ ಒಂದೊಂದು ಸೆಲ್‌ನಲ್ಲಿ ಇಟ್ಟು ಅದಕ್ಕೆ ಹೆಸರು ಕೊಟ್ರೆ ಸ್ಕೆಚ್ಚಿನ ಅಳತೆಗಳು ಅಲ್ಲಿಂದಾನೇ ಬರ್ತವೆ, 4 ತೆಗೆದು 6 ಹಾಕಿದ್ರೆ ಕ್ರ್ಯಾಂಕ್ ತಾನೇ 50 ಎಂಎಂ ಆಗಿ ಕೂತ್ಕೊಳ್ಳುತ್ತೆ. ಮೊದಲಿನ ವರ್ಶನ್‌ಗಳಲ್ಲಿ ಶುರುವಿನ ಸ್ಕೆಚ್ ಮುಟ್ಟಿದ್ರೆ ಮುಂದಿನ ಫೀಚರ್‌ಗಳು ಬೇರೆ ಫೇಸಿಗೆ ಹಾರಿ ಕೂರೋ ತೊಂದರೆ ಇತ್ತು, 2024ರ ನವೆಂಬರಲ್ಲಿ ಬಂದ 1.0ದಲ್ಲಿ ಅದು ಬಹಳ ಮಟ್ಟಿಗೆ ಕಮ್ಮಿ ಆಗಿದೆ, ಜೊತೆಗೆ ಪಾರ್ಟ್‌ಗಳನ್ನ ಜೋಡಿಸೋ ಅಸೆಂಬ್ಲಿ ವರ್ಕ್‌ಬೆಂಚ್ ಕೂಡ ಒಳಗೇ ಬಂದಿದೆ.

ಮಜಾ ಶುರುವಾಗೋದು ತಿರುಗಿಸಿದಾಗ. ಆನ್‌ಶೇಪಲ್ಲಿ ಪಿನ್ ಸ್ಲಾಟ್ ಅಂತಾನೇ ಒಂದು ಮೇಟ್ (ಎರಡು ಪಾರ್ಟ್ ಹೇಗೆ ಜೋಡಿ ಚಲಿಸ್ಬೇಕು ಅಂತ ಹೇಳೋ ಜಾಯಿಂಟ್) ಇದೆ, ಹೆಸರು ನೋಡಿದ ತಕ್ಷಣ ಇದೇ ನಮ್ದು ಅನ್ಕೊಂಡು ಹಾಕಿದೆ. ಕ್ರ್ಯಾಂಕ್ ತಿರುಗಿಸಿದ್ರೆ ಚಕ್ರ 45 ಡಿಗ್ರಿ ಆ ಕಡೆ, 45 ಡಿಗ್ರಿ ಈ ಕಡೆ ತೊಟ್ಟಿಲ ಹಾಗೆ ತೂಗ್ತಾ ಇದೆ, ಮುಂದಕ್ಕೆ ಹೋಗ್ತಾನೇ ಇಲ್ಲ! ಸ್ವಲ್ಪ ಹೊತ್ತು ನೋಡಿದ್ಮೇಲೆ ಹೊಳೀತು, ಆ ಮೇಟ್ ಪಿನ್ನನ್ನ ಸ್ಲಾಟಿನ ಗೆರೆ ಮೇಲಿಂದ ಬಿಡೋದೇ ಇಲ್ಲ, ಸ್ಲಾಟ್ ಎಲ್ಲಿ ಮುಗೀತು ಅನ್ನೋದು ಅದಕ್ಕೆ ಲೆಕ್ಕ ಇಲ್ಲ, ಹಂಗಾಗಿ ನಾನು ಮಾಡಿದ್ದು ಜಿನೀವಾ ಅಲ್ಲ, ಶೇಪರ್ ಮಷಿನ್ನಿನ ಕ್ವಿಕ್ ರಿಟರ್ನ್, ಅಂದ್ರೆ ನಿಧಾನ ಹೋಗಿ ಬೇಗ ವಾಪಸ್ ಬರೋ ಮೆಕ್ಯಾನಿಸಂ. ಒಂದು ಕಡೆ ಹೋಗೋಕೆ 270 ಡಿಗ್ರಿ, ವಾಪಸ್ ಬರೋಕೆ 90, ಮೂರಕ್ಕೆ ಒಂದು. ಮೇಟ್ ತನ್ನ ಕೆಲಸ ಸರಿಯಾಗೇ ಮಾಡಿದೆ, ಕೇಳಿದ್ದು ನಾನೇ ತಪ್ಪು. ಜಿನೀವಾ ನಿಲ್ಲೋದು ಜಾಯಿಂಟಿಂದ ಅಲ್ಲ, ಕಾಂಟ್ಯಾಕ್ಟಿಂದ (ಭಾಗಗಳು ಒಂದಕ್ಕೊಂದು ತಾಗೋದ್ರಿಂದ), ಇಷ್ಟು ಅರ್ಥ ಆಗಿದ್ದೇ ಆವತ್ತು. ಇದನ್ನ ಬಿಟ್ರೆ ಆನ್‌ಶೇಪ್ ಬ್ರೌಸರಲ್ಲೇ ಓಡುತ್ತೆ, 8 ಜಿಬಿ ಲ್ಯಾಪ್‌ಟಾಪಿಗೆ ಅದು ವರ. ಆದ್ರೆ ಫ್ರೀ ಪ್ಲಾನಲ್ಲಿ ಡಾಕ್ಯುಮೆಂಟ್ ಎಲ್ಲಾ ಪಬ್ಲಿಕ್, ಕಸ್ಟಮರ್ ಡ್ರಾಯಿಂಗನ್ನ ಮರೆತೂ ಅದರಲ್ಲಿ ಹಾಕ್ಬೇಡಿ.

ಫ್ರೀಕ್ಯಾಡ್ 1.0ದಲ್ಲಿ ಜಾಯಿಂಟ್ ಇದೆ, ಒಂದಕ್ಕೊಂದು ತಾಗಿ ತಳ್ಳೋ ಲೆಕ್ಕ ಇಲ್ಲ. ಅದಕ್ಕೆ ಅಲ್ಲಿ ಅಸೆಂಬ್ಲಿ ಬಿಟ್ಟು ಚಕ್ರದ ಕೋನಕ್ಕೇ ಎಕ್ಸ್‌ಪ್ರೆಶನ್ ಬರೆದೆ: ಕ್ರ್ಯಾಂಕ್ ಕೋನ ಮೈನಸ್ 45ರಿಂದ ಪ್ಲಸ್ 45ರ ಒಳಗಿದ್ರೆ ಟ್ಯಾನ್ ಇನ್ವರ್ಸ್ ಸೂತ್ರ, ಇಲ್ಲಾಂದ್ರೆ ಇದ್ದಲ್ಲೇ ಇರು. ಸೆಲ್‌ನಲ್ಲಿ ಕೋನ ಬದಲಾಯಿಸ್ತಾ ಹೋದ್ರೆ ಎರಡೂ ಸರಿಯಾಗಿ ತಿರುಗ್ತವೆ. ನೋಡೋಕೆ ಚೆಂದ, ಸೂತ್ರಾನೂ ಬಾಯಿಗೆ ಬಂತು, ಆದ್ರೆ ಇದು ಸಿಮ್ಯುಲೇಶನ್ ಅಲ್ಲ, ಉತ್ತರ ನಾನೇ ಹೇಳಿಕೊಟ್ಟು ನಾನೇ ಕೇಳಿದ ಹಾಗೆ.

ಫ್ಯೂಷನಲ್ಲಿ ಎರಡು ರೆವಲ್ಯೂಟ್ ಜಾಯಿಂಟ್ (ತಿರುಗೋಕೆ ಮಾತ್ರ ಬಿಡೋ ಜಾಯಿಂಟ್) ಕೊಟ್ಟು, ಪಿನ್ನಿಗೂ ಚಕ್ರಕ್ಕೂ ಕಾಂಟ್ಯಾಕ್ಟ್ ಸೆಟ್ ಹಾಕಿ ಕ್ರ್ಯಾಂಕ್ ಎಳೆದ್ರೆ ಪಿನ್ ಸ್ಲಾಟೊಳಗೆ ಹೋಗಿ ಚಕ್ರ ತಳ್ಳಿ ಹೊರಗೆ ಬರುತ್ತೆ, ಚಕ್ರ ಅಲ್ಲೇ ನಿಲ್ಲುತ್ತೆ. ಖುಷಿಯೋ ಖುಷಿ. ಪರ್ಸನಲ್ ಲೈಸೆನ್ಸಲ್ಲಿ ಒಟ್ಟಿಗೆ ಎಡಿಟ್ ಮಾಡಬಹುದಾದ ಡಾಕ್ಯುಮೆಂಟ್ 10 ಅಷ್ಟೇ, ಇಂಥ ಕೆಲಸಕ್ಕೆ ಅದು ಸಾಕು.

ಅದೇ ಮಾಡೆಲನ್ನ ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್‌ಗಳು ಓದೋ ಫೈಲ್) ಮಾಡಿ ಆಫೀಸಿನ ಸಾಲಿಡ್‌ವರ್ಕ್ಸಿಗೆ ತಂದು ಅದರ ಬೇಸಿಕ್ ಮೋಷನ್ ಅನ್ನೋ ಸಿಮ್ಯುಲೇಶನಲ್ಲಿ ಮೋಟರ್ ಕೊಟ್ಟು ಓಡಿಸಿದೆ ನೋಡಿ, ಪಿನ್ ಹೊರಗೆ ಬಂದ್ರೂ ಚಕ್ರ ನಿಲ್ಲಲಿಲ್ಲ, ತಿರುಗ್ತಾನೇ ಹೋಯ್ತು, ಮುಂದಿನ ಸುತ್ತಿಗೆ ಪಿನ್ ಬಂದು ಸ್ಲಾಟಿನ ಬದಲು ಚಕ್ರದ ಅಂಚಿಗೆ ಗುದ್ದಿತು. ನಾನು ಲಾಕಿಂಗ್ ಡಿಸ್ಕ್ (ಪಿನ್ ಹೊರಗಿರುವಾಗ ಚಕ್ರ ತಿರುಗದಂಗೆ ಹಿಡಿಯೋ, ಕ್ರ್ಯಾಂಕಿನ ದುಂಡು ಭಾಗ) ಮಾಡೇ ಇರ್ಲಿಲ್ಲ! ಚಕ್ರಕ್ಕೆ ಇಲ್ಲಿ ತೂಕ ಇದೆ, ಇನರ್ಶಿಯಾ ಇದೆ, ಹಿಡಿಯೋರಿಲ್ಲದಿದ್ರೆ ಓಡುತ್ತೆ. ಫ್ಯೂಷನಲ್ಲಿ ನಾನು ಮಾಡಿದ್ದು ಬರೀ ಚಲನೆ, ತೂಕ ಲೆಕ್ಕಕ್ಕಿರಲಿಲ್ಲ, ಅದಕ್ಕೇ ಅಲ್ಲಿ ನಿಂತಿದ್ದು. ಆ ಡ್ರಾಯಿಂಗ್ ಹಂಗೇ ಮಷಿನಿಂಗಿಗೆ ಹೋಗಿದ್ರೆ ಅಂತ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ.

ಡಿಸ್ಕ್ ಸೇರಿಸಿ, ಸಾಲಿಡ್‌ವರ್ಕ್ಸ್ ಪ್ರೀಮಿಯಂ ಲೈಸೆನ್ಸಲ್ಲಿ ಬರೋ ಮೋಷನ್ ಅನಾಲಿಸಿಸಲ್ಲಿ 60 ಆರ್‌ಪಿಎಂಗೆ ಓಡಿಸಿದೆ. ನಾಲ್ಕು ಸ್ಲಾಟಿಗೆ ಚಕ್ರದ ಗರಿಷ್ಠ ವೇಗ ಕ್ರ್ಯಾಂಕಿನ 2.414 ಪಟ್ಟು, ಅಂದ್ರೆ ಸೆಕೆಂಡಿಗೆ 869 ಡಿಗ್ರಿ ಬರ್ಬೇಕು. ಸೆಕೆಂಡಿಗೆ 25 ಫ್ರೇಮ್ ಇಟ್ಟಾಗ ಗ್ರಾಫ್ ಮೊಂಡಾಗಿ ಬಂತು, ಯಾಕಂದ್ರೆ ಒಂದು ಫ್ರೇಮಿಗೆ ಕ್ರ್ಯಾಂಕ್ 14.4 ಡಿಗ್ರಿ ಓಡಿರುತ್ತೆ, ಪೂರ್ತಿ ಆಟ ಆರು ಫ್ರೇಮಲ್ಲಿ ಮುಗಿದುಹೋಗುತ್ತೆ. 100ಕ್ಕೆ ಏರಿಸಿದ್ಮೇಲೆ ತುದಿ 870ರ ಹತ್ತಿರ ಬಂತು. ಪಿನ್ ಒಳಗೆ ಹೋಗೋ ಕ್ಷಣದಲ್ಲಿ ಆಕ್ಸಿಲರೇಶನ್ ದಿಢೀರಂತ ಮೇಲೆ ಹಾರೋದನ್ನ ಸಾಲ್ವರ್ ನಾಯ್ಸ್ (ಸಾಫ್ಟ್‌ವೇರಿನ ಲೆಕ್ಕದ ಏರುಪೇರು) ಅಂತ ತಳ್ಳಿಹಾಕ್ಬೇಡಿ, ವೇಗ ಸೊನ್ನೆಯಿಂದ ಶುರುವಾದ್ರೂ ಆಕ್ಸಿಲರೇಶನ್ ಸೊನ್ನೆಯಿಂದ ಶುರುವಾಗಲ್ಲ, ಜಿನೀವಾದ ಹುಟ್ಟುಗುಣ ಅದು, ಟಕ್ ಟಕ್ ಸದ್ದು ಬರೋದೂ ಅಲ್ಲಿಂದಾನೇ.

ನಾನೀಗ ಪಾರ್ಟ್‌ಗಳನ್ನ ಫ್ರೀಕ್ಯಾಡಲ್ಲಿ ಮಾಡಿ, ಓಡೋದನ್ನ ಸಾಲಿಡ್‌ವರ್ಕ್ಸಲ್ಲಿ ನೋಡ್ತೀನಿ, ಲೈಸೆನ್ಸ್ ಇಲ್ಲದವರು ಫ್ಯೂಷನಿಂದ ಶುರು ಮಾಡಿ, ಲಾಕಿಂಗ್ ಡಿಸ್ಕ್ ಮಾತ್ರ ಮೊದಲೇ ಮಾಡ್ಕೊಳ್ಳಿ. ಆರು ಸ್ಲಾಟಿಗೆ ಗರಿಷ್ಠ ವೇಗ 2.414ರಿಂದ ಸರಿಯಾಗಿ 1 ಪಟ್ಟಿಗೆ ಇಳಿಯುತ್ತೆ, ಟೇಬಲ್ ಭಾರ ಇರೋದ್ರಿಂದ ಈ ವಾರ ಅದನ್ನೇ ಓಡಿಸ್ತಿದೀನಿ.