6 ಅಡಿಯ ಬೋರ್ಡೋ, 9 ಅಡಿಯದ್ದೋ? ಸಸಿಹಿತ್ಲಿನಲ್ಲಿ ಎರಡನ್ನೂ ಹಿಡಿದು ನೋಡಿದೆ

ಎರಡು ವರ್ಷದಿಂದ ಮಂಗಳೂರಿನ ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ ಸರ್ಫಿಂಗ್, ಅಂದರೆ ಬೋರ್ಡ್ ಮೇಲೆ ನಿಂತು ಅಲೆಯಲ್ಲಿ ಜಾರುವ ಆಟ, ಆಡುತ್ತಿದ್ದೇನೆ. 6 ಅಡಿಯ ಶಾರ್ಟ್‌ಬೋರ್ಡೇ ನನಗೆ ಸರಿ ಎಂದು ನಂಬಿದ್ದೆ. ಮನಸ್ಸಿನಲ್ಲಿದ್ದ ಚಿತ್ರದಲ್ಲಿ ನನ್ನ ಮೊಣಕಾಲು ಚೆನ್ನಾಗಿ ಬಗ್ಗಿತ್ತು, ಕಣ್ಣು ಮುಂದಿತ್ತು, ಬೋರ್ಡ್ ಅಲೆಯ ಮೇಲೆ ಸರ್ರನೆ ತಿರುಗುತ್ತಿತ್ತು. ಫೆಬ್ರವರಿಯಲ್ಲಿ ತಂಗಿ ದಡದಲ್ಲಿ ನಿಂತು ವಿಡಿಯೋ ಮಾಡಿದಳು. ಅದರಲ್ಲಿ ಕಂಡದ್ದೇ ಬೇರೆ. ಕಾಲು ನೆಟ್ಟಗೆ, ಸೊಂಟ ಮಾತ್ರ ಬಗ್ಗಿದೆ, ಕಣ್ಣು ಕಾಲ ಬೆರಳಿನ ಮೇಲೆ. ಒಂದು ಗಂಟೆಯಲ್ಲಿ ಎದ್ದು ನಿಂತದ್ದು ಎರಡೇ ಸಲ. ತುಂಬಾ ಬೇಜಾರಾಯಿತು.

ಮುಂದಿನ ಭಾನುವಾರ ಒಂದೇ ಬೆಳಿಗ್ಗೆ ಎರಡು ಬೋರ್ಡ್ ಹಿಡಿದೆ. ಮೊದಲು ಶಾರ್ಟ್‌ಬೋರ್ಡ್, ಆಮೇಲೆ ಹೊಸಬರಿಗೆ ಕೊಡುವ 9 ಅಡಿಯ ಫೋಮ್ ಬೋರ್ಡ್. ಅಲೆ ಸೊಂಟದ ಎತ್ತರವೂ ಇರಲಿಲ್ಲ. ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವ ಅಳಿವೆಯಿಂದ ದೂರವೇ ಇದ್ದೆ. ಅಲ್ಲಿ ಸೆಳೆತ ಜಾಸ್ತಿ.

ಶಾರ್ಟ್‌ಬೋರ್ಡ್ ಎದೆಯಡಿ ಅರ್ಧ ಮುಳುಗಿಯೇ ಇರುತ್ತದೆ. ಅದರ ಮೇಲೆ ಮಲಗಿ ನೀರಿನಲ್ಲಿ ಎಷ್ಟು ಕೈ ಬೀಸಿದರೂ ಸಣ್ಣ ಅಲೆಯ ವೇಗಕ್ಕೆ ಅದು ಬರುವುದಿಲ್ಲ. "ಅಲೆ ಹೋದ ಮೇಲೆ ಏಳ್ತೀರಲ್ಲ ಮಾರಾಯ್ರೆ" ಎಂದರು ಕಲಿಸುವ ಅಣ್ಣ. ನಿಜವೇ. ಅಲೆ ಕಡಿದಾಗಿ ಒಡೆಯುವ ಹೊತ್ತಿಗೆ ಸಿಕ್ಕಿದರೆ, ಏಳಲು ಅರೆಕ್ಷಣವೂ ಉಳಿಯುವುದಿಲ್ಲ.

ಫೋಮ್ ಬೋರ್ಡ್ ದಪ್ಪ, ಅಗಲ. ಚೆನ್ನಾಗಿ ತೇಲುತ್ತದೆ. ನಾಲ್ಕೈದು ಸಲ ಕೈ ಬೀಸಿದರೆ ಸಾಕು, ಅಲೆ ಒಡೆಯುವ ಮೊದಲೇ ಹೊರಟಿರುತ್ತದೆ. ಆ ಪುರುಸೊತ್ತಿನಲ್ಲಿ ಮೊಣಕಾಲು ತಾನಾಗಿ ಬಗ್ಗಿತು, ಕಣ್ಣು ಮುಂದೆ ಹೋಯಿತು. ಆ ಗಂಟೆಯಲ್ಲಿ 11 ಅಲೆ! ಒಂದಂತೂ ಮರಳು ತಾಗುವವರೆಗೂ ನನ್ನನ್ನು ತಂದಿತು. ತಂಗಿ ಅದರ ವಿಡಿಯೋ ತೋರಿಸಿದಾಗ, ಇಷ್ಟು ದಿನ ಮನಸ್ಸಿನಲ್ಲಿದ್ದ ಚಿತ್ರಕ್ಕೆ ಅದೇ ಹತ್ತಿರ ಎನಿಸಿತು. ಹೊಸಬರದ್ದು ಎಂದು ಸುಮ್ನೆ ದೂರ ಇಟ್ಟಿದ್ದೆ, ಅಲ್ವಾ?

ಅದರಲ್ಲೂ ಕಷ್ಟ ಇದೆ. ಗಾಳಿಯಲ್ಲಿ ಹೊರುವುದು ಕಷ್ಟ, ತಿರುಗಿಸುವುದು ಇನ್ನೂ ಕಷ್ಟ. ನೊರೆ ಎದುರಾದಾಗ ಶಾರ್ಟ್‌ಬೋರ್ಡಿನ ಮೂತಿ ಒತ್ತಿ ಅಲೆಯಡಿ ನುಗ್ಗಬಹುದು. ಫೋಮ್ ಬೋರ್ಡ್ ಹಾಗೆ ಮುಳುಗುವುದೇ ಇಲ್ಲ. ಮಗುಚಿ ಅದರಡಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಶಾರ್ಟ್‌ಬೋರ್ಡಿಗೆ ಬೇಕಾದ ಜೋರು ಅಲೆ ನಮ್ಮಲ್ಲಿ ಮಳೆಗಾಲ ಹತ್ತಿರವಾದಾಗ ಬರುತ್ತದೆ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಇದೇ ಕಡಲತೀರದಲ್ಲಿ ನಡೆದದ್ದೂ ಮೇ ಕೊನೆಯಲ್ಲಿ. ಆ ಅಲೆಗೆ ನಾನಿನ್ನೂ ತಯಾರಿಲ್ಲ. ಈ ಭಾನುವಾರಕ್ಕೂ 9 ಅಡಿಯದ್ದನ್ನೇ ಹೇಳಿಟ್ಟಿದ್ದೇನೆ.